ಮಾವಿಗೆ ಮುತ್ತುವ ನೊಣ ಯಾವುದು?

ಮಾವಿನ ಕಾಲ ಬಂದಿತೆಂದರೆ ನಮ್ಮ ಅಡಿಗೆಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಹಣ್ಣು ಹೊರಗೆ ಚೆನ್ನಾಗಿಯೇ ಇತ್ತು, ಕೊಯ್ದು ನೋಡಿದರೆ ಒಳಗೆಲ್ಲ ಹುಳು!" ಸಿಪ್ಪೆಯ ಮೇಲೆ ಒಂದು ಚುಕ್ಕೆಯಷ್ಟು ಕಲೆ; ಒಳಗೆ ಮಾತ್ರ ತಿರುಳೆಲ್ಲ ಕೊಳೆತು, ಕಾಲಿಲ್ಲದ ಬಿಳಿ ಹುಳುಗಳು. ತಟ್ಟೆಯ ಮೇಲೆ ಬಿದ್ದರೆ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಚಂಗನೆ ನೆಗೆಯುತ್ತವೆ. ಮಕ್ಕಳು ಕೂಗುತ್ತಾರೆ, ಹಿರಿಯರು ಹಣ್ಣನ್ನು ದೂರ ಸರಿಸುತ್ತಾರೆ. "ನೊಣದ ಹುಳು" ಎಂದು ಹೇಳಿ ಮಾತು ಮುಗಿಸುತ್ತೇವೆ.

ಆದರೆ ಯಾವ ನೊಣ? ಈ ತಿಂಗಳು ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಸೇರ್ವರಾಯನ್ ಬೆಟ್ಟದ ತಪ್ಪಲಿನ ಕಡಯಂಪಟ್ಟಿ, ಓಮಲೂರಿನಿಂದ ಹಿಡಿದು ಧರ್ಮಪುರಿ, ಕೃಷ್ಣಗಿರಿಯವರೆಗೆ ಮಾವನ್ನೇ ನಂಬಿದ ಕುಟುಂಬಗಳು ಬಹಳ. ನಾವು ತೋತಾಪುರಿ ಎನ್ನುವ ಹಣ್ಣಿಗೆ ಆ ಸೀಮೆಯಲ್ಲಿ ಬೆಂಗಳೂರಾ ಎಂದೇ ಹೆಸರು. ಮಲ್ಗೋವ, ಸೆಂಧೂರ ಹಣ್ಣುಗಳೂ ಅಲ್ಲಿ ಮನೆಮಾತು. ಅಂಥ ಕಡೆ ನೊಣದ ಗುರುತು ತಿಳಿಯುವುದು ಪುಸ್ತಕದ ವಿಷಯ ಮಾತ್ರವಲ್ಲ. ಅದು ವರ್ಷದ ಆದಾಯದ ಪ್ರಶ್ನೆ, ಮನೆಯವರು ತಿನ್ನುವ ಹಣ್ಣಿನ ಪ್ರಶ್ನೆ.

ಮೊದಲಿಗೆ ಒಂದು ಮುಖ್ಯ ಸಂಗತಿ. ಮಾವಿನ ಮರಕ್ಕೆ ಬರುವ ನೊಣಗಳೆಲ್ಲ ಶತ್ರುಗಳಲ್ಲ. ಮಾವು ಹೂ ಬಿಟ್ಟಾಗ ಗೊಂಚಲಿನ ಮೇಲೆ ಹಲವು ಬಗೆಯ ನೊಣಗಳು ಓಡಾಡುತ್ತವೆ. ಜೇನಿನಂತೆ ಅವೂ ಪರಾಗವನ್ನು ಹೂವಿಂದ ಹೂವಿಗೆ ಒಯ್ಯುತ್ತವೆ. ಮಾವು ಕಾಯಿ ಕಚ್ಚುವುದರಲ್ಲಿ ನೊಣಗಳ ಪಾಲು ದೊಡ್ಡದು. ಹೂವಿಗೆ ಬರುವ ನೊಣ ಹಣ್ಣು ಕೊಡುತ್ತದೆ, ಬಲಿತ ಕಾಯಿಗೆ ಬರುವ ನೊಣ ಹಣ್ಣು ಕೆಡಿಸುತ್ತದೆ. ಎರಡಕ್ಕೂ ನಮ್ಮ ಬಾಯಲ್ಲಿ ನೊಣ ಎಂಬ ಒಂದೇ ಹೆಸರು. ಆ ಒಂದು ಹೆಸರನ್ನು ನಂಬಿ ಔಷಧಿಯ ಪಂಪು ಹೆಗಲಿಗೇರಿಸಿದರೆ, ಕಾಯಿ ಕಚ್ಚಿಸುವ ಜೀವಿಯೇ ಮೊದಲು ಸಾಯುತ್ತದೆ.

ಮನೆಯಲ್ಲೇ ಶುರುಮಾಡೋಣ

ಹಣ್ಣಿನ ಬುಟ್ಟಿಯ ಮೇಲೆ ಮೂರು ಬಗೆಯ ನೊಣಗಳನ್ನು ನೀವು ನೋಡಿರಬಹುದು. ಬೂದುಬಣ್ಣದ ಮನೆನೊಣ ಎಲ್ಲರಿಗೂ ಗೊತ್ತು. ಮಾಗಿದ ಬಾಳೆಹಣ್ಣಿನ ಮೇಲೆ ಗುಂಪುಗುಂಪಾಗಿ ಏಳುವ, ಎಳ್ಳಿನಷ್ಟು ಸಣ್ಣ, ಹೆಚ್ಚಾಗಿ ಕೆಂಪು ಕಣ್ಣಿನ ನೊಣ ಡ್ರೊಸೊಫಿಲಾ. ಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಮಕ್ಕಳು ಇದನ್ನೇ ಹಣ್ಣಿನ ನೊಣ ಎಂದು ಓದಿರುತ್ತಾರೆ. ನಮ್ಮ ಮನೆಗಳಲ್ಲಿ ಕಾಣುವ ಈ ಪುಟ್ಟ ನೊಣ ಗಟ್ಟಿ ಹಣ್ಣನ್ನು ಚುಚ್ಚುವುದಿಲ್ಲ. ಹಣ್ಣು ಹುಳಿಯತೊಡಗಿದ ಮೇಲೆ ಬರುತ್ತದೆ.

ಮೂರನೆಯದೇ ನಮ್ಮ ಇಂದಿನ ವಿಷಯ. ಗಾತ್ರದಲ್ಲಿ ಹೆಚ್ಚುಕಡಿಮೆ ಮನೆನೊಣದಷ್ಟು. ಮೈ ಕಪ್ಪು ಅಥವಾ ಕೆಂಗಂದು, ನಡುನಡುವೆ ಹಳದಿ ಪಟ್ಟೆ. ದೂರದಿಂದ ಪುಟ್ಟ ಕಣಜವೆಂದೇ ಅನ್ನಿಸುತ್ತದೆ. ಕಣಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಸೂಜಿಯಂಥ ಮೊನೆ ಇರುತ್ತದೆ. ಅದರಿಂದ ಬಲಿಯುತ್ತಿರುವ ಕಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆದು ಹುಳು ತಿರುಳನ್ನು ತಿನ್ನತೊಡಗುತ್ತದೆ. ಬಲಿತ ಮೇಲೆ ಹಣ್ಣಿನಿಂದ ಹೊರಬಿದ್ದು ಮಣ್ಣಿಗಿಳಿದು ಕೋಶವಾಗುತ್ತದೆ. ಮಣ್ಣಿನಿಂದ ಮತ್ತೆ ನೊಣವಾಗಿ ಏಳುತ್ತದೆ. ಈ ನೊಣಗಳ ಮನೆತನಕ್ಕೆ ಟೆಫ್ರಿಟಿಡೇ ಎಂದು ಹೆಸರು. ಜಗತ್ತಿನಲ್ಲಿ ಇವುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಗಳಿವೆ.

ಇಲ್ಲಿ ಗೃಹಿಣಿಯರು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡೋಣ. ತಿರುಳೆಲ್ಲ ಚೆನ್ನಾಗಿದ್ದು ವಾಟೆಯೊಳಗೆ ಮಾತ್ರ ಕಪ್ಪು ಹುಳು ಕಂಡರೆ ಅದು ನೊಣದ ಕೆಲಸವಲ್ಲ. ಅದು ವಾಟೆ ಕೊರೆಯುವ ದುಂಬಿ. ನೊಣದ ಹುಳು ತಿರುಳಿನಲ್ಲಿ ಇರುತ್ತದೆ.

ನಾಲ್ಕು ಅಕ್ಕತಂಗಿಯರು

ನಮ್ಮ ದಕ್ಷಿಣ ಸೀಮೆಯ ಮಾವಿನ ತೋಪುಗಳಲ್ಲಿ ಈ ಮನೆತನದ ಬ್ಯಾಕ್ಟ್ರೊಸೆರಾ ಎಂಬ ಕುಲದ ನೊಣಗಳೇ ಮುಖ್ಯ. ಅದರಲ್ಲಿಯೂ ನಾಲ್ಕು ಜಾತಿಗಳು ಒಂದನ್ನು ಕಂಡರೆ ಇನ್ನೊಂದನ್ನು ಕಂಡಂತೆಯೇ ಇರುತ್ತವೆ: ಡಾರ್ಸಾಲಿಸ್, ಜೊನಾಟಾ, ಕರೆಕ್ಟಾ ಮತ್ತು ಕ್ಯಾರಿಯೇ. ಹೆಸರು ಕೇಳಿ ಹೆದರಬೇಕಾಗಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಒಂದಿದ್ದರೆ ಹೈಸ್ಕೂಲಿನ ಮಕ್ಕಳೂ ನೋಡಬಹುದಾದ ಗುರುತುಗಳಿವೆ. ಇದಕ್ಕಾಗಿ ಜೀವಂತ ನೊಣವನ್ನು ಹಿಡಿಯುವುದು ಬೇಡ. ತೋಪಿನಲ್ಲಿ ಕಟ್ಟಿದ ಟ್ರ್ಯಾಪ್ ಡಬ್ಬಿಯಲ್ಲಿ ಸತ್ತುಬಿದ್ದ ನೊಣವೇ ಸಾಕು.

ನೋಡಬೇಕಾದ ಸ್ಥಳಗಳು ನಾಲ್ಕು: ಮುಖ, ಎದೆಯ ಬೆನ್ನು, ರೆಕ್ಕೆ, ತೊಡೆ. ಈ ಕ್ರಮವನ್ನು ಮನಸ್ಸಿನಲ್ಲಿಡಿ.

ಡಾರ್ಸಾಲಿಸ್ ಎಲ್ಲಕ್ಕಿಂತ ಹೆಚ್ಚು ಹಾವಳಿಯದು. ಮಾವಲ್ಲದೆ ಮುನ್ನೂರಕ್ಕೂ ಹೆಚ್ಚು ಬಗೆಯ ಗಿಡಮರಗಳ ಕಾಯಿ-ಹಣ್ಣುಗಳನ್ನು ಅದು ಮುಟ್ಟುತ್ತದೆ. ಮುಖದ ಮೇಲೆ ಎರಡು ಕಪ್ಪು ಬೊಟ್ಟು, ಒಂದಕ್ಕೊಂದು ತಾಗದೆ ಬೇರೆಬೇರೆ. ಎದೆಯ ಬೆನ್ನು ಸಾಮಾನ್ಯವಾಗಿ ಕಪ್ಪು, ಎರಡು ಪಕ್ಕದಲ್ಲಿ ಒಂದೊಂದು ಹಳದಿ ಪಟ್ಟೆ, ನಡುವೆ ಪಟ್ಟೆ ಇಲ್ಲ. ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಕಂದುಬಣ್ಣದ ಒಂದು ತೆಳುಗೆರೆ, ಸೀರೆಯ ಅಂಚಿನಂತೆ ಎಲ್ಲೂ ಕಡಿಯದೆ ತುದಿಯವರೆಗೆ ಹೋಗುತ್ತದೆ. ತೊಡೆಗಳು ಹಳದಿ. ಹೊಟ್ಟೆಯ ಮೇಲೆ ಇಂಗ್ಲಿಷಿನ 'ಟಿ' ಅಕ್ಷರದಂಥ ಕಪ್ಪು ಗುರುತು.

ಜೊನಾಟಾ ಕೆಂಗಂದು ಮೈಯದು. ಮುಖದ ಬೊಟ್ಟು, ಬೆನ್ನಿನ ಎರಡು ಹಳದಿ ಪಟ್ಟೆ ಇದಕ್ಕೂ ಇವೆ. ಆದರೆ ರೆಕ್ಕೆಯ ಅಂಚಿನ ಗೆರೆ ಪೂರ್ತಿಯಾಗಿಲ್ಲ. ತುದಿಯಲ್ಲಿ ಒಂದು ಕಂದು ಚುಕ್ಕೆ ಮಾತ್ರ ಉಳಿದಿರುತ್ತದೆ. ಮಾವು, ಸೀಬೆ, ಪೀಚ್ ಹಣ್ಣುಗಳಿಗೆ ಇದರಿಂದ ಹಾನಿ.

ಕರೆಕ್ಟಾ ಸೀಬೆಹಣ್ಣಿನ ನೊಣವೆಂದು ಹೆಸರಾದದ್ದು. ಬೆನ್ನು ಕಪ್ಪು, ಡಾರ್ಸಾಲಿಸ್‌ನಂತೆಯೇ. ರೆಕ್ಕೆಯ ಅಂಚಿನ ಗೆರೆ ಕಡಿದಿದ್ದು ತುದಿಯಲ್ಲಿ ಚುಕ್ಕೆ, ಜೊನಾಟಾದಂತೆಯೇ. ಹಾಗಾದರೆ ಇದರದೇ ಗುರುತು ಯಾವುದು? ಮುಖ. ಇದರ ಮುಖದ ಬೊಟ್ಟುಗಳು ಅಡ್ಡಡ್ಡಕ್ಕೆ ಉದ್ದವಾಗಿ, ನಡುವೆ ಹೆಚ್ಚುಕಡಿಮೆ ಕೂಡಿಕೊಂಡು, ಮೀಸೆ ಬರೆದಂತೆ ಕಾಣುತ್ತವೆ.

ಕ್ಯಾರಿಯೇ ದಕ್ಷಿಣ ಭಾರತದ ನೊಣ. 1971ರಲ್ಲಿ ಕಪೂರ್ ಎಂಬ ವಿಜ್ಞಾನಿ ಇದನ್ನು ಬೇರೆ ಜಾತಿಯೆಂದು ವರ್ಣಿಸಿದರು. ಬೆನ್ನು, ಮುಖ, ರೆಕ್ಕೆ ನೋಡಿದರೆ ಡಾರ್ಸಾಲಿಸ್ ಎಂದೇ ಹೇಳಿಬಿಡುತ್ತೇವೆ. ಕಾಲಿನ ಕಡೆ ಕಣ್ಣು ಹಾಯಿಸಿದರೆ ಮಾತ್ರ ಗುಟ್ಟು ಬಯಲಾಗುತ್ತದೆ. ಇದರ ತೊಡೆಗಳ ಮೇಲೆ ದೊಡ್ಡ ಕಪ್ಪು ಕಲೆಗಳಿವೆ.

ಇವುಗಳ ಜೊತೆ ಹೋಲಿಸಲು ಒಬ್ಬ ದಾಯಾದಿಯನ್ನೂ ಹೇಳಬೇಕು. ಹಾಗಲ, ಹೀರೆ, ಪಡವಲ, ಕುಂಬಳಗಳನ್ನು ಹಾಳುಮಾಡುವ ಬಳ್ಳಿಕಾಯಿಯ ನೊಣ. ಅದರ ಬೆನ್ನಿನ ಮೇಲೆ ಎರಡಲ್ಲ, ಮೂರು ಹಳದಿ ಪಟ್ಟೆಗಳು, ನಡುವೆಯೂ ಒಂದು. ರೆಕ್ಕೆಯ ಮೇಲೆ ಅಡ್ಡ ಕಂದುಪಟ್ಟೆ, ತುದಿಯಲ್ಲಿ ಅಗಲ ಕಲೆ. ಹಿಂದೆ ಇದನ್ನೂ ಬ್ಯಾಕ್ಟ್ರೊಸೆರಾ ಕುಲದಲ್ಲಿಯೇ ಇಟ್ಟಿದ್ದರು. 2015ರಿಂದ ಜ್ಯೂಗೊಡಾಕಸ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಪಟ್ಟೆ ಎರಡೋ ಮೂರೋ ಎಂದು ಎಣಿಸುವುದು ಮಕ್ಕಳಿಗೆ ಒಳ್ಳೆಯ ಮೊದಲ ಪಾಠ.

ಹೂವಿನ ಮೇಲಿನ ಉಪಕಾರಿ ನೊಣಗಳಲ್ಲಿಯೂ ಹಳದಿ-ಕಪ್ಪು ಪಟ್ಟೆಯದೊಂದು ಗುಂಪಿದೆ. ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುವುದು ಅದರ ಸ್ವಭಾವ. ಚುಚ್ಚುವ ಮೊನೆ ಅದಕ್ಕಿಲ್ಲ. ಅಂಥದನ್ನು ಕಂಡರೆ ಬಿಟ್ಟುಬಿಡಿ.

ಬಣ್ಣವನ್ನಷ್ಟೇ ನಂಬಬಾರದು

"ಕೆಂಪಗಿದ್ದರೆ ಜೊನಾಟಾ, ಕಪ್ಪಗಿದ್ದರೆ ಡಾರ್ಸಾಲಿಸ್, ಇಷ್ಟೇ ತಾನೆ?" ಎಂದು ಯಾರಾದರೂ ಕೇಳಬಹುದು. ಇಷ್ಟೇ ಅಲ್ಲ. ಡಾರ್ಸಾಲಿಸ್‌ನ ಬೆನ್ನು ಕೆಲವೊಮ್ಮೆ ಅಚ್ಚ ಕಪ್ಪು, ಕೆಲವೊಮ್ಮೆ ಕೆಂಗಂದು. ಎರಡರ ನಡುವಿನ ಎಲ್ಲ ಛಾಯೆಗಳೂ ಉಂಟು. ಕೋಶದಿಂದ ಈಗತಾನೆ ಹೊರಬಂದ ನೊಣ ಪೇಲವವಾಗಿರುತ್ತದೆ. ನಿಜವಾದ ಬಣ್ಣ ಬರಲು ಕೆಲವು ದಿನ ಬೇಕು. ಟ್ರ್ಯಾಪಿನಲ್ಲಿ ಬಹುಕಾಲ ಬಿದ್ದ ನೊಣದ ಹಳದಿ ಮಾಸಿಹೋಗಿರುತ್ತದೆ. ಆದ್ದರಿಂದ ಒಂದು ಗುರುತು ಸಾಕ್ಷಿಯಾಗದು. ನಾಲ್ಕೂ ಸ್ಥಳಗಳನ್ನು ನೋಡಿ, ಎಲ್ಲವೂ ಒಂದೇ ಹೆಸರನ್ನು ಹೇಳಿದಾಗ ಮಾತ್ರ ಆ ಹೆಸರು ಇಡಬೇಕು. ಹಣ್ಣಿನೊಳಗಿನ ಹುಳುವನ್ನು ನೋಡಿ ಬರಿಗಣ್ಣಿನಿಂದ ಜಾತಿ ಹೇಳುವುದಂತೂ ಆಗದ ಕೆಲಸ.

ಈ ವಿಷಯದಲ್ಲಿ ದೊಡ್ಡದೊಡ್ಡ ವಿದ್ವಾಂಸರೇ ಬಹಳ ವರ್ಷ ಚರ್ಚೆ ಮಾಡಿದ್ದಾರೆ. ಡಾರ್ಸಾಲಿಸ್‌ಗೆ ಆ ಹೆಸರು ಬಂದದ್ದು 1912ರಲ್ಲಿ, ತೈವಾನ್ ದ್ವೀಪದ ನೊಣಗಳನ್ನು ನೋಡಿ. 1994ರಲ್ಲಿ ಡ್ರೂ ಮತ್ತು ಹ್ಯಾನ್‌ಕಾಕ್ ಎಂಬ ಇಬ್ಬರು ವಿಜ್ಞಾನಿಗಳು ಏಷ್ಯಾದ ಈ ಗುಂಪನ್ನು ಸೂಕ್ಷ್ಮವಾಗಿ ಪರೀಕ್ಷಿಸಿ 40 ಹೊಸ ಜಾತಿಗಳನ್ನು ಹೆಸರಿಸಿದರು. ಅವುಗಳಲ್ಲಿ ಪಪಾಯೇ ಎಂಬುದೊಂದು. ಮರುವರ್ಷವೇ, 1995ರಲ್ಲಿ, ಅದು ಆಸ್ಟ್ರೇಲಿಯಾದ ಕೆರ್ನ್ಸ್ ಪಟ್ಟಣದ ಬಳಿ ಕಂಡುಬಂದು, ಅದನ್ನು ತೊಡೆದುಹಾಕಲು 1999ರವರೆಗೆ ಹೋರಾಡಬೇಕಾಯಿತು. 2003ರಲ್ಲಿ ಆಫ್ರಿಕದ ಕೀನ್ಯಾದಲ್ಲಿ ಇಂಥದೇ ನೊಣವೊಂದು ಮಾವಿನ ಮೇಲೆ ಕಾಣಿಸಿಕೊಂಡಿತು. ಮೂಲ ಶ್ರೀಲಂಕಾ ಇರಬೇಕೆಂದು ತರ್ಕಿಸಿ, ಬೆನ್ನಿನ ಬಣ್ಣ, ಗುರುತುಗಳನ್ನು ನೋಡಿ, 2005ರಲ್ಲಿ ಇನ್ವಾಡೆನ್ಸ್, ಎಂದರೆ ದಂಡೆತ್ತಿ ಬಂದದ್ದು, ಎಂದು ಹೆಸರಿಟ್ಟರು. ಆ ಹೆಸರು ಬಿದ್ದ ದೇಶಗಳ ಹಣ್ಣಿಗೆ ಹೊರದೇಶದ ಬಾಗಿಲುಗಳು ಮುಚ್ಚತೊಡಗಿದವು.

ಬಳಿಕ ಹಲವು ದೇಶಗಳ ವಿಜ್ಞಾನಿಗಳು ಒಟ್ಟಾಗಿ ಕುಳಿತರು. ರೂಪವೊಂದನ್ನೇ ನೋಡದೆ ವಂಶವಾಹಿ, ಗಂಡುಹೆಣ್ಣು ಕೂಡುವ ರೀತಿ, ಅವು ಸೂಸುವ ವಾಸನೆ, ಎಲ್ಲವನ್ನೂ ಪರೀಕ್ಷಿಸಿದರು. 2015ರಲ್ಲಿ ಹೊರಬಂದ ತೀರ್ಮಾನ: ಪಪಾಯೇ, ಇನ್ವಾಡೆನ್ಸ್, ಫಿಲಿಪ್ಪೈನ್ಸಿನ ಹೆಸರು ಹೊತ್ತ ಇನ್ನೊಂದು, ಇವೆಲ್ಲ ಡಾರ್ಸಾಲಿಸ್ ಅಲ್ಲದೆ ಬೇರೆ ಅಲ್ಲ. ಕಮರಾಕ್ಷಿ ಹಣ್ಣಿನ ಹೆಸರಿನ ಕ್ಯಾರಂಬೋಲೇ ಮಾತ್ರ ನಿಜವಾಗಿಯೂ ಬೇರೆಯದು. ನಾಲ್ಕೆಂದು ಎಣಿಸಿದ್ದು ಒಂದಾಯಿತು. ಒಂದೇ ಎಂದು ಕಾಣುವ ಡಾರ್ಸಾಲಿಸ್, ಕ್ಯಾರಿಯೇಗಳು ಎರಡಾಗಿಯೇ ಉಳಿದವು.

ನಮ್ಮ ಬೆಂಗಳೂರಿನಲ್ಲಿಯೂ ಈ ಕೆಲಸ ನಡೆದಿದೆ ಎಂಬುದು ಸಂತೋಷದ ವಿಷಯ. ಕೆ. ಜೆ. ಡೇವಿಡ್ ಮತ್ತು ಎಸ್. ರಮಣಿ ಎಂಬ ವಿಜ್ಞಾನಿಗಳು ದಕ್ಷಿಣ ಭಾರತ ಮತ್ತು ಅಂಡಮಾನ್ ನಿಕೋಬಾರ್ ದ್ವೀಪಗಳ ಹಣ್ಣಿನ ನೊಣಗಳನ್ನು ಗುರುತಿಸುವ ಸಚಿತ್ರ ಕೈಪಿಡಿಯನ್ನು 2011ರಲ್ಲಿ ಪ್ರಕಟಿಸಿದರು. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಕೀಟಗಳ ದೊಡ್ಡ ಸಂಗ್ರಹವೇ ಇದೆ.

ಗುರುತಿನಿಂದ ಏನು ಪ್ರಯೋಜನ?

ಒಂದು ಉದಾಹರಣೆ ಸಾಕು. ಬಿಹಾರದ ಪೂಸಾದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಹೌಲೆಟ್ ಎಂಬುವರು, ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಈ ಗುಂಪಿನ ನೊಣಗಳು ಬರುತ್ತವೆಂದು 1912ರಲ್ಲಿ ಬರೆದರು. ಬಂದವು ಗಂಡುಗಳು ಮಾತ್ರ. 1915ರಲ್ಲಿ ಅದರೊಳಗಿನ ಮೀಥೈಲ್ ಯೂಜಿನಾಲ್ ಎಂಬ ವಸ್ತುವೇ ಅವನ್ನು ಸೆಳೆಯುತ್ತದೆಂದು ತೋರಿಸಿದರು. ಇಂದು ಮಾವಿನ ತೋಪುಗಳಲ್ಲಿ ನೇತುಹಾಕುವ ಡಬ್ಬಿಗಳಲ್ಲಿರುವುದು ಇದೇ. ನಮ್ಮ ಅಂಗಳದ ತುಳಸಿಯಲ್ಲಿಯೂ ಈ ವಸ್ತುವಿದೆ. ಜಜ್ಜಿದ ತುಳಸಿ ಎಲೆಗೆ ಮಾವಿನ ನೊಣ ಬರುವುದು ಅದಕ್ಕೇ.

ಮೇಲೆ ಹೇಳಿದ ನಾಲ್ಕು ಅಕ್ಕತಂಗಿಯರ ಗಂಡುಗಳೂ ಈ ವಾಸನೆಗೆ ಬರುತ್ತವೆ. ಬಳ್ಳಿಕಾಯಿಯ ನೊಣ ಬರುವುದಿಲ್ಲ. ಅದಕ್ಕೆ ಕ್ಯೂಲೂರ್ ಎಂಬ ಬೇರೆ ಮದ್ದು ಬೇಕು. ಹಾಗಲದ ಚಪ್ಪರಕ್ಕೆ ಮಾವಿನ ಡಬ್ಬಿಯನ್ನು ಕಟ್ಟಿ "ಪ್ರಯೋಜನವಿಲ್ಲ" ಎಂದು ದೂರುವವರು ಮೊದಲು ಬೆನ್ನಿನ ಪಟ್ಟೆ ಎಣಿಸಬೇಕು. ಜಪಾನ್ ದೇಶದವರು ಈ ಭೇದವನ್ನು ಚೆನ್ನಾಗಿ ಅರಿತು ಕೆಲಸಮಾಡಿದರು. ತಮ್ಮ ದ್ವೀಪಗಳಿಂದ ಡಾರ್ಸಾಲಿಸ್ ನೊಣವನ್ನು 1986ರ ಹೊತ್ತಿಗೆ, ಬಳ್ಳಿಕಾಯಿಯ ನೊಣವನ್ನು 1993ರ ಹೊತ್ತಿಗೆ ಇಲ್ಲವಾಗಿಸಿದರು. ಎರಡನೆಯದಕ್ಕೆ ಅವರು ಸಂತಾನಶಕ್ತಿ ಕಳೆದ ನೊಣಗಳನ್ನು ಸಾಕಿ ಬಿಡುವ ಉಪಾಯ ಮಾಡಿದರು. ಒಂದು ಜಾತಿಯ ನೊಣ ತನ್ನ ಜಾತಿಯನ್ನೇ ಕೂಡುವುದರಿಂದ, ಜಾತಿ ತಪ್ಪಿದ್ದರೆ ಆ ಶ್ರಮವೆಲ್ಲ ನೀರುಪಾಲಾಗುತ್ತಿತ್ತು.

ನಮ್ಮ ದೇಶಕ್ಕೂ ಇದರ ಬಿಸಿ ತಟ್ಟಿದೆ. ಯುರೋಪ್ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವು, ಹಾಗಲ, ಪಡವಲ, ಬದನೆ ಮತ್ತು ಕೆಸುವನ್ನು ನಿಷೇಧಿಸಿತು. 2013ರಲ್ಲಿ ಭಾರತದಿಂದ ಹೋದ 207 ಸರಕುಗಳಲ್ಲಿ ಹಣ್ಣಿನ ನೊಣವೇ ಮೊದಲಾದ ಕೀಟಗಳು ಸಿಕ್ಕಿದ್ದವು. ಹಣ್ಣನ್ನು ಬಿಸಿನೀರಿನಲ್ಲಿ ಅಥವಾ ಹಬೆಯಲ್ಲಿ ಸಂಸ್ಕರಿಸುವ ವ್ಯವಸ್ಥೆ ಬಿಗಿಯಾದ ಮೇಲೆ, 2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧವನ್ನು ತೆಗೆಯಲು ಒಪ್ಪಿದರು. 48 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ 60 ನಿಮಿಷ ಮುಳುಗಿಸಿಟ್ಟರೆ ಹಣ್ಣಿನೊಳಗಿನ ಮೊಟ್ಟೆ, ಹುಳು ಉಳಿಯುವುದಿಲ್ಲ.

ಮನೆಯವರು ಮಾಡಬೇಕಾದದ್ದು

ಜೈನ ಗ್ರಂಥಗಳು ನೊಣ, ದುಂಬಿ, ಜೇನುಗಳನ್ನು ಸ್ಪರ್ಶನ, ರಸನ, ಘ್ರಾಣ, ಚಕ್ಷು ಎಂಬ ನಾಲ್ಕು ಇಂದ್ರಿಯಗಳ ಜೀವಿಗಳೆಂದು ಹೇಳುತ್ತವೆ. ಕೃಷಿಕನು ಬೆಳೆ ಕಾಯದೆ ಇರಲಾರ, ನಿಜ. ಆದರೆ ಹುಳು ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಮೊಟ್ಟೆ ಬೀಳದಂತೆ ನೋಡಿಕೊಳ್ಳುವುದು ಮೇಲು ಎಂಬುದನ್ನು ಒಪ್ಪದವರು ಯಾರು?

ಅದಕ್ಕೆ ದಾರಿಗಳಿವೆ. ಹಿತ್ತಲಿನಲ್ಲಿ ಒಂದೆರಡು ಮರ ಇರುವವರು, ಕಾಯಿ ಬಲಿಯುವ ಮೊದಲೇ ಪ್ರತಿಯೊಂದಕ್ಕೂ ಕಾಗದದ ಚೀಲ ಕಟ್ಟಬಹುದು. ಸೂಜಿಮೊನೆ ಸಿಪ್ಪೆಯನ್ನು ಮುಟ್ಟದಿದ್ದರೆ ಹುಳುವಿನ ಪ್ರಶ್ನೆಯೇ ಇಲ್ಲ. ಸೀಬೆಗಿಡಕ್ಕೂ ಇದನ್ನೇ ಮಾಡಿ. ಮಾವು ಮುಗಿದ ಮೇಲೆ ಡಾರ್ಸಾಲಿಸ್, ಕರೆಕ್ಟಾ ಎರಡೂ ಹೊಟ್ಟೆ ಹೊರೆಯುವುದು ಹಿತ್ತಲ ಸೀಬೆಯಲ್ಲಿಯೇ. ಕಾಯಿಯನ್ನು ಮರದಲ್ಲೇ ಪೂರ್ತಿ ಹಣ್ಣಾಗಲು ಬಿಡದೆ, ಬಲಿತ ಕೂಡಲೇ ಕಿತ್ತು ಮನೆಯಲ್ಲಿ ಹುಲ್ಲು ಹಾಸಿ ಮಾಗಿಸಿ. ಮರದಡಿ ಬಿದ್ದ ಹಣ್ಣನ್ನು ದಿನವೂ ಆರಿಸಿ ತೆಗೆಯಿರಿ. ಅದನ್ನು ಅಲ್ಲೇ ಕೊಳೆಯಲು ಬಿಟ್ಟರೆ ಒಂದು ಹಣ್ಣಿನ ಹುಳುಗಳು ಮಣ್ಣಿಗಿಳಿದು ಮುಂದಿನ ವಾರಗಳಲ್ಲಿ ಇಡೀ ತೋಪಿಗೆ ನೊಣವಾಗುತ್ತವೆ. ಒಬ್ಬರ ತೋಪು ಶುಚಿಯಾಗಿದ್ದು ಪಕ್ಕದ ತೋಪಿನಲ್ಲಿ ಹಣ್ಣು ಕೊಳೆಯುತ್ತಿದ್ದರೆ ಪ್ರಯೋಜನವಿಲ್ಲ. ನೊಣಕ್ಕೆ ಬೇಲಿ ಇಲ್ಲ. ಆದ್ದರಿಂದ ಇದು ನೆರೆಹೊರೆಯವರೆಲ್ಲ ಸೇರಿ ಮಾಡುವ ಕೆಲಸ.

ಮಾವು ಹೂ ಬಿಟ್ಟಿರುವಾಗ, ಗೊಂಚಲಿನ ಮೇಲೆ ನೊಣ ಕಂಡಿತೆಂದು ಔಷಧಿ ಹೊಡೆಯಬೇಡಿ. ಕಾಯಿ ಬಲಿಯುವ ಕಾಲಕ್ಕೆ ಡಬ್ಬಿಯಲ್ಲಿ ಬಿದ್ದ ನೊಣಗಳನ್ನು ಒಂದು ಬಿಳಿ ಕಾಗದದ ಮೇಲೆ ಸುರಿದು, ಮುಖ, ಬೆನ್ನು, ರೆಕ್ಕೆ, ತೊಡೆ ಎಂದು ಕ್ರಮವಾಗಿ ನೋಡಿ, ಯಾವುದು ಎಷ್ಟು ಎಂದು ತಾರೀಖು ಹಾಕಿ ಬರೆದಿಡಿ. ಸಂದೇಹ ಬಂದದ್ದನ್ನು ಪೊಟ್ಟಣ ಕಟ್ಟಿ ಹತ್ತಿರದ ತೋಟಗಾರಿಕೆ ಅಧಿಕಾರಿಗಳಿಗೆ ತೋರಿಸಿ. ಶಾಲೆಗೆ ರಜೆ ಇರುವ ಮಕ್ಕಳಿಗೆ ಈ ಕೆಲಸ ವಹಿಸಿ ನೋಡಿ. ಅವರ ಕಣ್ಣು ನಮ್ಮ ಕಣ್ಣಿಗಿಂತ ಚುರುಕು. ಎರಡು ಮೂರು ವರ್ಷದ ಲೆಕ್ಕ ಕೂಡಿದರೆ, ನಿಮ್ಮ ತೋಪಿಗೆ ಯಾವ ನೊಣ ಯಾವಾಗ ಬರುತ್ತದೆಂಬುದು ನಿಮ್ಮ ಮನೆಯ ಪುಸ್ತಕದಲ್ಲೇ ಸಿಗುತ್ತದೆ.